ಲೆಕ್ಕಕ್ಕುಂಟು, ಆಟಕ್ಕಿಲ್ಲ

ಮೂವತ್ತಾರು ಪಂದ್ಯಗಳಲ್ಲಿ ನಾವು ಗೆಲ್ಲುವುದು
ಹನ್ನೊಂದು ಪಾಯಿಂಟ್ ನಾಲ್ಕು.
'ಆ ಪಾಯಿಂಟ್ ನಾಲ್ಕನ್ನು ಎಲ್ಲಿ ಗೆಲ್ತೀರಿ, ನಮ್ಮೂರಲ್ಲೋ ಹೊರಗೋ?'
ಎಂದು ಕೇಳಿದ ಸ್ಕಿರ್ಮಂತಾಸ್, ಡೇರಿಯ ಧಣಿ.
ಹುಡುಗರ ಎದೆಯ ಮೇಲೆ ಅವನ ಮೊಸರಿನ ಹೆಸರಿದೆ,
ಕೇಳಬಹುದು.

ಟೆಲ್ಶೈಯಲ್ಲಿ ಈಗ ಆಗಸ್ಟು.
ಕೆರೆಯ ಹಲಗೆಯಿಂದ ಮಕ್ಕಳು ಇನ್ನೂ ನೀರಿಗೆ ಹಾರುತ್ತಿದ್ದಾರೆ.
ನಾನು ಪ್ರೇಕ್ಷಕರ ಮೆಟ್ಟಿಲುಗಳ ಅಡಿಯ ಕೋಣೆಯಲ್ಲಿ ಕೂತು
ಬರುವ ಮಾರ್ಚನ್ನು ಸೋಲುತ್ತಿದ್ದೇನೆ,
ರಾತ್ರಿಗೆ ಹತ್ತು ಸಾವಿರ ಸಲ.
ಕಂಪ್ಯೂಟರಿನ ಫ್ಯಾನು ಏದುಸಿರು ಬಿಡುತ್ತದೆ, ಓಡಿದ್ದು ತಾನೇ ಎಂಬಂತೆ.
ಹತ್ತು ಸಾವಿರದಲ್ಲಿ ಆರು ಸಲ ನಾವು ಚಾಂಪಿಯನ್ನರು.
ಆ ಆರನ್ನೂ ತೆರೆದು ನೋಡಿದ್ದೇನೆ, ಪರರ ಕಾಗದ ಓದುವವಳ ಹಾಗೆ ಕದ್ದು:
ಒಂದರಲ್ಲಿ ಎದುರಾಳಿಗಳ ಏಳು ಜನಕ್ಕೆ ಗಾಯ,
ಒಂದರಲ್ಲಿ ನಾವು ಎಸೆದದ್ದೆಲ್ಲ ಬಲೆಗೆ,
ಉಳಿದ ನಾಲ್ಕಕ್ಕೆ ಕಾರಣವೇ ಸಿಗಲಿಲ್ಲ.
ಸುಮ್ಮನೆ ಗೆದ್ದಿದ್ದೆವು.

ಇದಕ್ಕೆ ಮುಂಚೆ ಹತ್ತೊಂಬತ್ತು ವರ್ಷ ಹವಾಮಾನ ಕಚೇರಿ.
ಬಾಲ್ಟಿಕ್ ಕಡೆಯ ಗಾಳಿಗೆ
ನಾನು ಬರೆದದ್ದನ್ನು ಓದುವ ಚಟವಿರಲಿಲ್ಲ.
ಇವರು ಓದುತ್ತಾರೆ.

ಸೋಮವಾರ ವಿಟೆನಿಸ್ ಬಂದ, ಬಾಗಿಲು ತುಂಬ.
ಮೂವತ್ತನಾಲ್ಕು ವರ್ಷ, ಮಂಡಿಗೆ ಕಟ್ಟಿದ ಐಸಿನ ಚೀಲ ತೊಟ್ಟಿಕ್ಕುತ್ತಿತ್ತು.
'ನನ್ನ ಸಾಲು ಯಾವುದು?'
ಹನ್ನೆರಡನೆಯದು. ಜನವರಿಯಿಂದ ಮೆಲ್ಲಗೆ ಇಳಿಯುವ ಗೆರೆ.
ಬೆರಳಿಟ್ಟು ನೋಡಿದ. ಎಷ್ಟು ಹೊತ್ತು.
'ನಿಂದು ಧಾರಾಳದ ಕೈ' ಎಂದ.
'ಇದು ಮೇ ತಿಂಗಳಲ್ಲೇ ಹೋಗಿದೆ. ಡಾಕ್ಟರಿಗೂ ಹೇಳಿಲ್ಲ.
ಗುರುವಾರ ರುಜು ಹಾಕುವ ತನಕ
ಗೆರೆ ಹೀಗೇ ಇರಲಿ, ಮಿಲ್ಗಿಂತೆ.'
ತಲೆ ತಾಗದಂತೆ ಬಾಗಿ ಹೊರಟ, ಹುಟ್ಟಾ ಅಭ್ಯಾಸ;
ಬಾಗುವಾಗ ಎಡಗಾಲೊಂದೇ ಅವನನ್ನು ಹೊತ್ತಿತು.

ಹನ್ನೊಂದು ಒಂಬತ್ತಾಗಲು ಒಂದು ಕೀಲಿ ಸಾಕು.
ಒತ್ತಿದೆ. ನೋಡಿದೆ. ಅಳಿಸಿದೆ.
ಮತ್ತೆ ಒತ್ತಿದೆ.

ಧಣಿಗೆ ಈ ವರ್ಷ ಮುಖ್ಯವಲ್ಲ, ಐದನೆಯ ವರ್ಷ ಬೇಕು.
ಅಲ್ಲಿ ನಮಗೆ ಇಪ್ಪತ್ತೆರಡು ಗೆಲುವು, ಅಲ್ಲಿ ಯೋಗೈಲ ಇದ್ದಾನೆ.
ಅವನ ಎಡ ಮಣಿಕಟ್ಟಿನ ಎಕ್ಸರೇ ನನ್ನ ಮೇಜುದೀಪಕ್ಕೆ ಅಂಟಿಸಿದೆ:
ಮೂಳೆಗೂ ಮೂಳೆಯ ತುದಿಗೂ ನಡುವೆ ಕೂದಲೆಳೆಯಷ್ಟು ಕತ್ತಲು.
ಅಲ್ಲಿಂದ ಇನ್ನೂ ಹದಿನಾಲ್ಕು ಸೆಂಟಿಮೀಟರು ಹೊರಡಬೇಕು,
ಇಪ್ಪತ್ತೆರಡರಲ್ಲಿ ಎಂಟು ಗೆಲುವೂ ಅಲ್ಲಿಂದಲೇ.
ಕೂಸು ಹುಟ್ಟುವ ಮುನ್ನ ಕುಲಾವಿ ಅನ್ನುತ್ತಾರೆ;
ನಾವು ಬೂಟು ತರಿಸಿದ್ದೇವೆ, ಐವತ್ತೊಂದನೇ ನಂಬರು.
ಸದ್ಯಕ್ಕೆ ಅವನು ಹೊರಗೆ ಅಂಕಣ ಒರೆಸುತ್ತಿದ್ದಾನೆ,
ಬಿದ್ದವರು ಬಿಟ್ಟುಹೋದ ಬೆವರಿನ ಬೆನ್ನುಗಳನ್ನು.
ಟ್ರಾಂಬೋನ್ ನುಡಿಸುತ್ತಾನಂತೆ, ಚೆನ್ನಾಗಿಯೇ.
ಅದನ್ನು ಯಾವ ಕಾಲಮ್ಮಿಗೆ ಹಾಕಲಿ?

ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು
ಓಣಿಯಲ್ಲಿ ಚಿಕ್ಕವರನ್ನು ಸೇರಿಸಿಕೊಳ್ಳುತ್ತಿದ್ದೆವಲ್ಲ,
ಇವನದು ತಿರುವುಮುರುವು.
ನನ್ನದೂ.

ಬುಧವಾರ ಸಂಜೆ ಸ್ಕಿರ್ಮಂತಾಸ್ ಫೋನು ಮಾಡಿದ.
ಹನ್ನೊಂದು, ಎಂದೆ.
'ಪಾಯಿಂಟ್ ನಾಲ್ಕು?'
ಅದು ಹೋಯಿತು, ಎಂದೆ.
ಯಾವಾಗ ಎಂದು ಅವನು ಕೇಳಲಿಲ್ಲ.

ಹೊರಗೆ ಬಂದರೆ ಜೋರು ಮಳೆ.
ಕೊಡೆ ತಂದಿರಲಿಲ್ಲ.