ದುಭಾಷಿ

ಬಾಲನ್ಯಾಯ ಮಂಡಳಿಯ ಫಾರಂ ಮಲಯಾಳದಲ್ಲಿದೆ.
ವಾರಿಜಕ್ಕನಿಗೆ ಬರುವುದು ತುಳು, ಸ್ವಲ್ಪ ಕನ್ನಡ.
ಉಪ್ಪಳದಿಂದ ಬಸ್ ಚಾರ್ಜು ಕೊಟ್ಟು ಕರೆಸಿ
ನಡುವಿನ ಕುರ್ಚಿಯಲ್ಲಿ ನನ್ನನ್ನು ಕೂರಿಸಿದ್ದಾರೆ.

'ಕುಟುಂಬ ಸಾಹಚರ್ಯಂ' ಎಂದು ಓದುತ್ತಾರೆ ಆಫೀಸರು.
ಮನೆಯ ಪರಿಸ್ಥಿತಿ ಅಂತ ನಾನು ಹೇಳಬೇಕು.
ಅಷ್ಟರಲ್ಲಿ ಅವಳೇ, ಕನ್ನಡದ ಕಿವಿಯಲ್ಲಿ ಕೇಳಿಸಿಕೊಂಡು,
"ಸಾಹಚರ್ಯ ಎಲ್ಲಿಂದ ಮಾಷ್ಟ್ರೇ?
ಇವನಪ್ಪ ಮಲ್ಪೆಯ ಬೋಟಿನಲ್ಲಿ.
ಹದಿನೈದು ದಿನಕ್ಕೊಮ್ಮೆ ಬರುವುದು,
ಬಂದರೆ ನಿದ್ದೆ. ಎದ್ದರೆ ಅದು."

ಅದು ಮೇಜಿನ ಮೇಲಿದೆ, ಪ್ಲಾಸ್ಟಿಕ್ ಚೀಲದಲ್ಲಿ:
ತೊರಕೆ ಮೀನಿನ ಬಾಲ.
ಬಿಸಿಲಿಗೆ ಒಣಗಿಸಿ, ಹಿಡಿಗೆ
ಹರಿದ ಬಲೆಯ ನೂಲು ಸುತ್ತಿದ್ದು.
ಪೊಲೀಸರ ಚೀಟಿಯಲ್ಲಿ: ಆಯುಧ, ಒಂದು.
ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನರೆದುರು
'ಆ ಬೋರ್ಡು ಓದಿ ತೋರಿಸು ನೋಡುವಾ' ಅಂದ ಹುಡುಗನ
ಎಡಗಣ್ಣು ಹೋಗಿದೆ.

ಎಲ್ಲಿ ಸಿಕ್ಕಿತು ಇವನಿಗೆ?
"ಬಾಗಿಲ ಮೇಲಿನ ಮೊಳೆಯಲ್ಲಿ.
ಇವನು ಹುಟ್ಟುವ ಮೊದಲೇ ಆ ಮೊಳೆ ಇತ್ತು."
'ವೀಟ್ಟಿಲ್' ಎಂದೆ, ಮನೆಯಲ್ಲಿ.
ಮೊಳೆ ನನ್ನ ಬಾಯಲ್ಲೇ ಉಳಿಯಿತು.

'ಸ್ವಭಾವಂ.' ಅದಕ್ಕೆ ದುಭಾಷಿ ಬೇಡ.
ಅವಳು ಬಹಳ ಹೊತ್ತು ಯೋಚಿಸಿದಳು.
"ನಾಯಿಮರಿಗೆ ಗಂಜಿ ಹೊಯ್ಯುವಾಗ
ಬೆರಳದ್ದಿ ನೋಡುತ್ತಾನೆ, ಬಿಸಿಯುಂಟಾ ಅಂತ."
ತಿರುಗಿಸಿ ಹೇಳಿದೆ. ಆಫೀಸರು ತಲೆಯಾಡಿಸಿದರು.
ಕಾಲಂನಲ್ಲಿ ಆಗಲೇ ಮುಂಗೋಪ ಎಂದು ಬರೆದಾಗಿತ್ತು,
ಒರೆಸಲು ಜಾಗವಿರಲಿಲ್ಲ.

ಜಿತೇಶ ಬೆಂಚಿನ ರೆಕ್ಸಿನ್ ಕೀಳುತ್ತಿದ್ದ.
ಹದಿನೈದು ವರ್ಷ. ಮೀಸೆ ಇನ್ನೂ ಪೆನ್ಸಿಲ್ ಗೀಟು.

ಕೊನೆಯ ಪ್ರಶ್ನೆ: 'ಪಠಿಕ್ಕಾನ್ ಅವಸರಂ ಉಂಡಾಯಿರುನ್ನೋ?'
ಓದಲು ಅವಕಾಶವಿತ್ತೇ, ಅಂತ.
ನಮ್ಮ ಭಾಷೆಯಲ್ಲಿ ಅವಸರ ಬೇರೆ.
ಆ ಅವಸರ ನನಗೆ ಗೊತ್ತು.
ಎಂಟನೆಯ ತರಗತಿ, ಪಾಠ ಮುಗಿಸಬೇಕು, ಜನವರಿ ಬಂತು.
ಒತ್ತಕ್ಷರದಲ್ಲಿ ತಡವರಿಸುವವನನ್ನು
ಮೊದಲು ಹಿಂದಿನ ಬೆಂಚಿಗೆ,
ಆಮೇಲೆ ಬಾವಿಯಿಂದ ನೀರು ತರಲಿಕ್ಕೆ,
ಆಮೇಲೆ ವರಾಂಡಕ್ಕೆ.
ಒಂದು ದಿನ ವರಾಂಡದಲ್ಲೂ ಅವನಿರಲಿಲ್ಲ.
ನಾನು ಹಾಜರಿ ಪುಸ್ತಕದಲ್ಲಿ ಗೀಟೆಳೆದೆ,
ಸ್ಕೇಲು ಇಟ್ಟು, ನೆಟ್ಟಗೆ.

ಹುಡುಗ ತಲೆಯೆತ್ತಿದ, ಅವತ್ತು ಮೊದಲ ಸಲ.
ನನ್ನನ್ನೇ ನೋಡಿದ.

"ಇತ್ತು" ಎಂದೆ.
ಆಫೀಸರು ಅವರ ಭಾಷೆಯ ಅರ್ಥದಲ್ಲಿ ಬರೆದುಕೊಂಡರು.

ಎಲ್ಲವನ್ನೂ ಸರಿಯಾಗಿ ತಿಳಿಸಿ ಹೇಳಿದ್ದೇನೆ
ಎಂಬಲ್ಲಿ ಸಹಿ ಹಾಕಬೇಕಿತ್ತು.
ಪೆನ್ನು ಕೈಜಾರಿ ಬಿತ್ತು.
ವಾರಿಜಕ್ಕನೇ ಬಗ್ಗಿ ಹೆಕ್ಕಿ,
ಸೆರಗಿನಲ್ಲಿ ಒರೆಸಿ, ಕೊಟ್ಟಳು.