ಖಾಲಿಗೂ ಸೀಸ

ಹಂಪನಕಟ್ಟೆಯ ಹಿಂದಿನ ಓಣಿ, ಬಾಳಿಗರ ಪ್ರೆಸ್ಸಿನ ಅಟ್ಟ.
ಫ್ಯಾನು ತಿರುಗುವುದು ಸದ್ದಿಗೆ ಮಾತ್ರ.
ಕಾಗದದ ಕರೆಯೋಲೆಗೆ ಈಗ ಗಿರಾಕಿ ಕಡಿಮೆ,
ಫೋನಿನಲ್ಲಿ ತೆರೆಯುವಂಥದ್ದು ಮಾಡುವ, ಎಂದಿದ್ದರು ಬಾಳಿಗರು.
ಯಾವ ಎಂಜಿನ್ ಒಳ್ಳೆಯದು, ನೋಡಿ ಹೇಳು,
ಸೋಮವಾರದೊಳಗೆ, ಒಂದೇ ಹಾಳೆಯಲ್ಲಿ.

ಎಂಜಿನ್ ಅಂದರೆ ಹೊಗೆಯಿಲ್ಲ, ಎಣ್ಣೆಯಿಲ್ಲ.
ಒಂದು ಅಚ್ಚು, ಅದರಲ್ಲಿ ಕೆಲವು ತೂತು,
ತೂತಿಗೆ ಹೆಸರು ಸುರಿದರೆ ಮದುವೆ.

ಮೊದಲು ಮುಸ್ಟಾಶ್.
ಆಚೆ ಎರಡು ಬಾಗುಗೆರೆ, ಈಚೆ ಎರಡು,
ತಲೆ ವಾಲಿಸಿ ನೋಡಿದರೆ ಮೀಸೆ ಹೌದು.
ತರ್ಕ ಮಾಡುವುದಿಲ್ಲ ಇದು.
ಬಡಿಸಿದ್ದನ್ನು ಉಂಡು ಏಳುವ ಹೊಸ ಅಳಿಯ.

ಆಮೇಲೆ ಪಗ್. ಎಷ್ಟು ಒಳಗೆ ಸರಿದು ಕೂತಿದ್ದೀ
ಎಂಬುದೇ ಇದಕ್ಕೆ ಸಂಬಂಧ:
ಎರಡು ಸ್ಪೇಸ್ ಒಳಗಿದ್ದರೆ ಮಗಳು, ಸಮಕ್ಕಿದ್ದರೆ ತಂಗಿ.
ನನ್ನ ಬೆರಳು ಜಾರಿ
ವರನ ಅಜ್ಜಿ ಊಟದ ಸಮಯದ ಕೆಳಗೆ ಹೋಗಿ ಕೂತರು.

ಲೋಕಯ್ಯ ಅಮೀನರು ನಕ್ಕರು.
ಮೂವತ್ತೆಂಟು ವರ್ಷ ಮೊಳೆ ಜೋಡಿಸಿದ ಕೈ
ಈಗ ಲಕೋಟೆ ಅಂಟಿಸುತ್ತದೆ.
"ನಮ್ಮಲ್ಲಿ ಸ್ಪೇಸಿಗೂ ಸೀಸ ಇತ್ತು ಮಾರಾಯ್ತಿ,
ತಲೆಯಿಲ್ಲದ ಮೊಳೆ. ಅದನ್ನು ತುರುಕದಿದ್ದರೆ
ಇಡೀ ಸಾಲು ಕುಸಿಯುತ್ತಿತ್ತು."
ಡಬ್ಬಿಯಿಂದ ಒಂದು ಹಿಡಿ ತಂದು ಕೀಬೋರ್ಡಿನ ಪಕ್ಕ ಸುರಿದರು.
ಖಾಲಿಗೆ ಅಷ್ಟು ಭಾರವಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮೂರನೆಯದು ಜಿಂಜಾ, ಓದಿಕೊಂಡದ್ದು.
'ಒಂದು ವೇಳೆ' ಗೊತ್ತು, 'ಇಲ್ಲವಾದರೆ' ಗೊತ್ತು,
ಆಸ್ತಿ ಇಳಿಯುವ ದಾರಿಯೂ ಗೊತ್ತು:
ಮೂಲ ಪುಟದ್ದೆಲ್ಲ ಮಗುವಿನ ಪುಟಕ್ಕೆ.
ಅಷ್ಟರಲ್ಲಿ ಮೂಲ್ಕಿಯ ನಿಶ್ಮಿತಾ ಸುವರ್ಣರ ಮನೆಯವರು ಬಂದರು.
ಅಲ್ಲಿ ಕರೆಯುವುದು ಅಪ್ಪ ಅಲ್ಲ, ಸೋದರಮಾವ;
ಮನೆತನ ಇಳಿಯುವುದು ಅಲ್ಲಿಂದ, ಓರೆಯಾಗಿ.
ಅಳಿಯಸಂತಾನ ಕಲಿಸಲಿಕ್ಕೆ ಅರ್ಧ ದಿನ ಹಿಡಿಯಿತು.

ಬಿಜೈಯ ಫ್ಲೋಸಿ ಡಿ'ಕುನ್ಹಾಳದ್ದು ಬೇರೆ ಕತೆ.
ಹೆಸರಿನ ನೆತ್ತಿಯ ಆ ಸಣ್ಣ ಚುಕ್ಕೆಬಾಲವನ್ನು
ನಾನು ಎರಡೆರಡು ಸಲ ತೊಳೆದುಬಿಟ್ಟೆ.
ಡಿ ಆದ ಮೇಲೆ ಹ್ಯಾಶ್ ಮೂವತ್ತೊಂಬತ್ತು ಎಂದು ಬಂತು.
"ನಮ್ಮ ಮನೆ ನಂಬರು ಹದಿನೇಳು ಬಾಯಿ" ಎಂದರು ಅವಳಮ್ಮ.

ಫಾರಮಿನಲ್ಲಿ ಒಂದು ಪ್ರಶ್ನೆ: ತಂದೆ ಇದ್ದಾರೆಯೇ?
ಇಲ್ಲವೆಂದರೆ ಕೆಲವರಿಗೆ 'ದಿ.', ಕೊಂಕಣಿ ಇಗರ್ಜಿಯವರಿಗೆ 'ದೆ.',
ಬಂದರಿನ ಬ್ಯಾರಿಗಳಿಗೆ 'ಮರ್ಹೂಂ'.
ಒಂದೇ ಇಲ್ಲಕ್ಕೆ ಮೂರು ಮೊಳೆ.
ನೀವೇ ನಿರ್ಧರಿಸಿ ಕಳಿಸಿ, ಎಂದಿತು ಮುಸ್ಟಾಶ್.
ಜಿಂಜಾ ತಾನೇ ಆರಿಸಿಕೊಂಡಿತು, ತಪ್ಪಿಲ್ಲದೆ.
ಇಲ್ಲಿಗೆ ನನ್ನ ಹಾಳೆ ಮುಗಿಯಬೇಕಿತ್ತು.

ಶನಿವಾರ ಸಂಜೆ ತೊಕ್ಕೊಟ್ಟಿನಿಂದ ಅಶ್ವಿತಾ ಆಚಾರ್ಯಳ ಫೋನು.
"ಹೌದು ಒತ್ತಲಾ, ಇಲ್ಲ ಒತ್ತಲಾ?"
"ಇದ್ದಾರಾ?"
"ಗೊತ್ತಿಲ್ಲ ಮೇಡಂ. ಉಳಿ, ಕೊಡತಿ ಚೀಲಕ್ಕೆ ಹಾಕಿ
ಪುತ್ತೂರಿನಲ್ಲಿ ಬಾಗಿಲ ಕೆಲಸ ಉಂಟು ಎಂದು ಹೋದವರು.
ನಾನು ಆಗ ಮೂರನೇ ಕ್ಲಾಸು."

ರಾತ್ರಿ ಮೂರಕ್ಕೂ ಆ ತೂತು ಖಾಲಿ ಬಿಟ್ಟು ನೋಡಿದೆ.
ಮುಸ್ಟಾಶ್ ಏನೂ ಆಗಿಲ್ಲವೆಂಬಂತೆ ಸಾಲು ಮುಗಿಸಿತು;
ಅಮ್ಮನ ಹೆಸರಿನ ಹಿಂದೆ 'ಮತ್ತು' ಒಂದು ಒಂಟಿಯಾಗಿ ಉಳಿಯಿತು.
ಪಗ್‌ನಲ್ಲಿ ಪದ ಕೂಡಿಸಲು ಹೋದೆ:
'ಅನ್‌ಡಿಫೈನ್ಡ್ ಅವರ ಸುಪುತ್ರಿ' ಎಂದು ಮೂಡಿತು, ದಪ್ಪಕ್ಷರದಲ್ಲಿ.
ಕಟ್ಟುನಿಟ್ಟು ಮಾಡಿಟ್ಟ ಜಿಂಜಾ
ಮುಂದೆ ಒಂದು ಹೆಜ್ಜೆ ಇಡಲಿಲ್ಲ. ಪುಟವೇ ಇಲ್ಲ.
ನಿಂತದ್ದು ಅದೊಂದೇ.

ಮತ್ತೆ ಕೇಳಿದಾಗ ಅವಳೆಂದಳು:
"ಹೆಸರು ಇರಲಿ. ಅದರ ಮುಂದೆ ಏನೂ ಬೇಡ.
ಸ್ವಲ್ಪ ಜಾಗ ಬಿಡಿ."
"ಎಷ್ಟು ಎಂದು ಕೇಳಿದ್ದೀಯಾ?" ಎಂದರು ಲೋಕಯ್ಯ,
ಲಕೋಟೆಯಿಂದ ತಲೆಯೆತ್ತದೆ.

ಸೋಮವಾರ ಬಾಳಿಗರ ಮೇಜಿನ ಮೇಲೆ ಹಾಳೆ ಇಟ್ಟೆ,
ಗಾಳಿಗೆ ಹಾರದ ಹಾಗೆ ತಲೆಯಿಲ್ಲದ ಒಂದಿಷ್ಟು ಮೊಳೆ.
ಜಿಂಜಾ, ಎಂದು ಬರೆದಿದ್ದೆ. ಕಾರಣ ಬರೆದಿರಲಿಲ್ಲ.
ಓದುವ ಮೊದಲು ಮೊಳೆಗಳನ್ನು ಅಂಗೈಯಲ್ಲಿ ತೂಗಿ ನೋಡಿದರು,
ಆಮೇಲೆ ಹಾಳೆ ತಿರುಗಿಸಿ
"ಇದಕ್ಕೆ ರೇಟು ಎಷ್ಟೆಂದು ಹಾಕಲಿಲ್ಲವಲ್ಲ" ಎಂದರು.