ಮೂರನೆಯ ಪೆಡಲ್

ಮೊದಲು ಬಂದದ್ದು ಅರ್ಧ ಕಾರು.
ನಗೋಯಾದಲ್ಲಿ ಯಾರೋ ಗರಗಸ ಹಿಡಿದು
ಡ್ಯಾಶ್‌ಬೋರ್ಡಿನ ಹಿಂದೆ ನೇರ ಕೊಯ್ದು
ಹಡಗಿಗೆ ಹಾಕಿದ್ದ ಮುಂಭಾಗ.
ಫ್ರೆಸ್ನೋದ ಕಾಂಗ್ ಮೆಂಗ್ ಟ್ರೇಲರಿನಲ್ಲಿ ತಂದು
ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಇಳಿಸಿದಾಗ
ಹಸುಗಳೆಲ್ಲ ಮೇವು ಬಿಟ್ಟು ತಲೆಯೆತ್ತಿದವು.
ಮೂತಿ ಇದೆ, ಬಾಲವಿಲ್ಲ.
"ನಮಗೆ ಬೇಕಾದದ್ದು ಇದರ ಹೊಟ್ಟೆಯಲ್ಲಿದೆ" ಎಂದ ಡೆಲ್ಫಿಮ್,
ಹೋರಿ ಕೊಳ್ಳುವವನ ಹಾಗೆ ಸುತ್ತು ಹಾಕುತ್ತ.

ನಮ್ಮ ಕಾರು ಕೆಂಪು. ಅಂದರೆ, ಒಂದು ಕಾಲಕ್ಕೆ.
ಟುಲೇರಿ ಬಿಸಿಲು ಕುಡಿದು ಈಗ ಹಳೆಯ ಇಟ್ಟಿಗೆ.
ಮೇಲಿನ ಮಾಡು ಮಡಚುತ್ತದೆ, ಗೇರು ತಾನೇ ಬದಲಾಗುತ್ತದೆ.
ಹಲ್ಲಿನ ಡಾಕ್ಟರೊಬ್ಬರ ವಿಚ್ಛೇದನದಲ್ಲಿ ಅಗ್ಗಕ್ಕೆ ಸಿಕ್ಕಿದ್ದು.
ಎಡಗಾಲು ಸುಮ್ಮನೆ ಕೂತಿರಬಹುದಾದ ಕಾರು.

ಅಕ್ಟೋಬರಿನಿಂದ ಫೆಬ್ರವರಿ.
ಬೆಳಗಿನ ಮೂರಕ್ಕೆ ಹಾಲು, ಮಧ್ಯಾಹ್ನದ ಮೂರಕ್ಕೆ ಹಾಲು,
ನಡುವಿನ ಹೊತ್ತೆಲ್ಲ ಕಾರಿನಡಿಯಿಂದ ಎರಡು ಬೂಟು.
ಕರುಗಳ ಪುಸ್ತಕದ ಹಿಂಬದಿಗೆ ನಾನು ಲೆಕ್ಕ ಬರೆದೆ:
ಅರ್ಧ ಕಾರು. ಕ್ಲಚ್ಚಿನ ತಟ್ಟೆ.
ಗ್ಯಾಸ್ಕೆಟ್ಟು ಎರಡು ಸಲ, ಮೊದಲನೆಯದನ್ನು ತಿರುವುಮುರುವು ಹಾಕಿದ.
ಡ್ರೈವ್‌ಶಾಫ್ಟು ಕೊಯ್ದು ಬೆಸೆದದ್ದು.
ಹೆಬ್ಬೆರಳಿನ ಉಗುರು ಒಂದು. ಅದಕ್ಕೆ ಬೆಲೆ ಹಾಕಲಿಲ್ಲ.

ಕರುಳಿನಂತೆ ಹೊರಬಿದ್ದ ವೈರುಗಳನ್ನು
ನನ್ನ ಇಸ್ತ್ರಿ ಮೇಜಿನ ಮೇಲೆ ಹರಡಿ
ಒಂದೊಂದಕ್ಕೂ ಪೋರ್ಚುಗೀಸಿನಲ್ಲಿ ಹೆಸರಿಟ್ಟ.
ಬೂದಿಬಟ್ಟಲಲ್ಲಿ ಸಿಕ್ಕ ನಾಣ್ಯವನ್ನು ನನ್ನ ಕೈಗೆ ಕೊಟ್ಟ,
ನಡುವೆ ತೂತಿದ್ದ ಯಾರದೋ ಚಿಲ್ಲರೆ.
ಖರ್ಚು ಮಾಡಲು ಬಾರದ್ದು, ಬಿಸಾಡಲು ಮನಸ್ಸು ಬಾರದ್ದು.

ಟರ್ಬೊ ಅಂದರೇನು ಎಂದು ಕೇಳಿದೆ, ಸೂಪು ಬಡಿಸುತ್ತ.
ಬಸವನಹುಳುವಿನ ಚಿಪ್ಪಿನಂಥದನ್ನು ಮೇಜಿಗಿಟ್ಟು ಹೇಳಿದ:
"ಬಿಟ್ಟ ಉಸಿರಿದೆಯಲ್ಲ, ಇದಾಲಿನಾ, ಹೊಗೆಯಾಗಿ ಹೋಗುವಂಥದ್ದು,
ಹೋಗುವ ಮುಂಚೆ ಅದು ಈ ಚಕ್ರ ತಿರುಗಿಸುತ್ತದೆ.
ಈ ಚಕ್ರ, ಬರುವ ಉಸಿರನ್ನು ಒಳಗೆ ತುರುಕುತ್ತದೆ."
ಇಷ್ಟುದ್ದದ ಮಾತು ಅವನ ಬಾಯಿಂದ ಹಿಂದೆ ಬಂದದ್ದು
ಹಾಲಿನ ದರ ಕುಸಿದ ವರ್ಷ, ಬ್ಯಾಂಕಿನವನ ಎದುರು.

ಮೂರನೆಯ ಪೆಡಲಿಗೆ ತೂತು ಕೊರೆದ ರಾತ್ರಿ ನನ್ನನ್ನು ಕರೆದ.
ಇಲ್ಲಿ ಕೂತು ನೋಡು, ಕಾಲು ಎಲ್ಲಿಗೆ ಎಟಕುತ್ತದೆ ಹೇಳು.
ಅಳತೆಗೆ ಯಾರಾದರೂ ಬೇಕಲ್ಲ, ಅಂದುಕೊಂಡೆ.

ಎಲ್ಲ ಕೂಡಿಸಿದ ಮೇಲೆ ಸ್ಟಾರ್ಟೇ ಆಗಲಿಲ್ಲ.
ಹಸುವೂ ಕಾಣದಂಥ ಮಂಜು ಮೂರು ದಿನ, ಮೂರು ದಿನವೂ ಮೌನ.
ಕಾಂಗ್ ಮೆಂಗ್ ಬಂದು ನಕ್ಕ:
ಹಳೆಯ ಗೇರಿನ ಕೋಲು ಹೋಗಿದೆ, ಕೋಲಿನ ನೆನಪು ಹೋಗಿಲ್ಲ.
ಅದು "ನಿಂತಿದ್ದೇನೆ" ಎನ್ನಲಿ ಎಂದು
ಕಾರು ಇನ್ನೂ ಕಾಯುತ್ತಿದೆ.
ಎರಡು ವೈರು ಸುಲಿದು, ಹೊಸೆದು, ಅದಕ್ಕೊಂದು ಸುಳ್ಳು ಹೇಳಿದ.
ಗುಡುಗಿತು. ಶೆಡ್ಡಿನ ತಗಡಿಗೆಲ್ಲ ನಡುಕ.

ಬಾದಾಮಿ ಹೂಬಿಟ್ಟ ವಾರ.
ಡೆಲ್ಫಿಮ್ ಕೂತ. ಎಡಗಾಲೆತ್ತಿ ಪೆಡಲಿಗಿಟ್ಟ,
ಒತ್ತಿದ, ಅರ್ಧಕ್ಕೆ ನಿಂತ.
ಹದಿನಾಲ್ಕು ವರ್ಷದ ಹಿಂದೆ ಹಸು ಒದ್ದ ಮಂಡಿ,
ಮೂರು ಸಲ ಕೊಯ್ಸಿಕೊಂಡ ಮಂಡಿ.
ಅವನ ತುಟಿ ಬಿಳಚಿದ್ದು ಕಂಡೆ,
ಕಾಣದವಳ ಹಾಗೆ ಹೂವಿನ ಕಡೆ ನೋಡಿದೆ.

ಆಟೊಮ್ಯಾಟಿಕ್ ಕೊಂಡದ್ದೇ ಆ ಮಂಡಿಗಾಗಿ.
ಅದನ್ನು ಕಿತ್ತದ್ದು ಯಾರಿಗಾಗಿ, ಮಹರಾಯ?

ಇಳಿದ. ಕಾರಿನ ಮೂತಿ ಬಳಸಿ ಕುಂಟುತ್ತ ಬಂದು
ಆಚೆ ಬಾಗಿಲು ತೆಗೆದು ಕೂತು ಬೆಲ್ಟು ಹಾಕಿಕೊಂಡ.
"ತೆರ್ಸೇರಾದಲ್ಲಿ ನಿಮ್ಮಪ್ಪನ ಹಾಲಿನ ಲಾರಿ
ಹನ್ನೆರಡನೇ ವಯಸ್ಸಿಗೇ ಓಡಿಸಿದ್ದೆ ಅಂದಿದ್ದೆಯಲ್ಲ."
ಅಂದಿದ್ದೆ. ಒಂದೇ ಸಲ. ಮೂವತ್ತೊಂದು ವರ್ಷವಾಯಿತು.

ಎರಡು ಸಲ ಕೆಮ್ಮಿ ಆರಿತು. ಮೂರನೆಯದಕ್ಕೆ
ಸಮುದ್ರದ ಕಡೆ ಇಳಿಯುವ ಆ ದಾರಿ
ನನಗಿಂತ ಮೊದಲು ನನ್ನ ಕಾಲಿಗೆ ನೆನಪಾಯಿತು.
ಎರಡನೇ ಗೇರು. ಒತ್ತಿದೆ. ಏನೂ ಇಲ್ಲ.
ಒಂದು ಗುಟುಕಿನಷ್ಟು ಏನೂ ಇಲ್ಲ.
ಆಮೇಲೆ, ಬೆನ್ನ ಹಿಂದೆ ಕಟ್ಟೆಯೊಡೆದ ನೀರು.

ಅವನ ಟೋಪಿ ಹಾರಿ ಬಾದಾಮಿ ತೋಟಕ್ಕೆ ಬಿತ್ತು.
"ನಿಲ್ಲಿಸಲಾ?" ಅಂದೆ.
"ಮೂರನೇ ಗೇರು" ಅಂದ.